ಕಾರು ಡೌನ್ ಆದರೆ ಟ್ರ್ಯಾಕ್‌ಗೆ ಸಿದ್ಧವಾಯಿತೇ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರು ತಮ್ಮ ಕಾರನ್ನು ಎದುರಿಂದ ಯಾರೂ ಬಾರದ ಜಾಗದಲ್ಲಿ ಪೂರ್ತಿ ಓಡಿಸಿ ನೋಡಬೇಕೆಂದರೆ ಹತ್ತಿರದಲ್ಲಿ ಟ್ರ್ಯಾಕ್ ಇಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿರುವ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ ಹೋಗಬೇಕು, ಇಲ್ಲವೇ ಕೊಯಮತ್ತೂರಿನ 2.1 ಕಿ.ಮೀ.ನ ಕರಿ ಮೋಟಾರ್ ಸ್ಪೀಡ್‌ವೇಗೆ. ಎರಡೂ ತುಮಕೂರಿನಿಂದ 350 ಕಿ.ಮೀ.ಗಿಂತ ದೂರ. ಕಾರನ್ನು ಲಾರಿ ಮೇಲೆ ಹೇರಿಕೊಂಡು ಹೋಗುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಹಾಗಾಗಿ ಭಾನುವಾರ ಟ್ರ್ಯಾಕ್ ಸುತ್ತಿದ ಸ್ವಿಫ್ಟೇ ಸೋಮವಾರ ಗುಬ್ಬಿ ಪೇಟೆಯ ಹಂಪ್‌ಗಳನ್ನು ಹತ್ತಿಳಿದು ಮಕ್ಕಳನ್ನು ಶಾಲೆಗೆ ಬಿಡಬೇಕು. ಸಸ್ಪೆನ್ಷನ್ ಬಗ್ಗೆ ನಮ್ಮ ಹುಡುಗರಿಗೆ ಸಿಗುವ ಸಲಹೆಗಳಲ್ಲಿ ಈ ಮಾತೇ ಇರುವುದಿಲ್ಲ. ಅವು ತಪ್ಪು ಕಲ್ಪನೆಗಳ ಮೇಲೆ ನಿಂತಿರುವುದು ಇನ್ನೂ ದೊಡ್ಡ ತೊಂದರೆ. ನೂರಾರು ಕಿಲೋಮೀಟರ್ ದೂರ ಹೋಗಿ, ಸಾಲ ಮಾಡಿ ಹಾಕಿಸಿದ ಶಾಕ್‌ಗಳಿಂದ ಕಾರು ಮೊದಲಿಗಿಂತ ನಿಧಾನವಾದರೆ ಆಗುವ ನಿರಾಸೆ ಸಣ್ಣದಲ್ಲ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ, ಸ್ಪ್ರಿಂಗ್ ಗಟ್ಟಿಯಾದಷ್ಟೂ ಕಾರು ರಸ್ತೆ ಕಚ್ಚಿ ಹಿಡಿಯುತ್ತದೆ ಎಂಬುದು. ತಿರುವಿನಲ್ಲಿ ಕಾರು ವಾಲುತ್ತದೆ, ವಾಲಿದ್ದರಿಂದ ಭಾರವೆಲ್ಲ ಹೊರಗಿನ ಚಕ್ರಕ್ಕೆ ಬೀಳುತ್ತದೆ, ಆದ್ದರಿಂದ ವಾಲುವುದನ್ನು ನಿಲ್ಲಿಸಿದರೆ ಭಾರ ಸರಿಯುವುದೂ ನಿಲ್ಲುತ್ತದೆ ಎಂಬ ತರ್ಕ ಇದರ ಹಿಂದಿದೆ. ಲೆಕ್ಕ ಹಾಕಿ ನೋಡೋಣ. ಡ್ರೈವರ್ ಸೇರಿ ಒಂದು ಟನ್ ತೂಗುವ ಕಾರು, ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರ, ಎಡಬಲ ಚಕ್ರಗಳ ನಡುವೆ 145 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ತಿರುವಿನಲ್ಲಿ 0.8 ಜಿ ಬಲ ಬಿದ್ದರೆ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುವ ಭಾರ ಸುಮಾರು 300 ಕೆ.ಜಿ. ತೂಕ, ಎತ್ತರ, ಅಗಲ, ತಿರುವಿನ ಬಲ, ಲೆಕ್ಕದಲ್ಲಿ ಇರುವುದು ಇಷ್ಟೇ. ಸ್ಪ್ರಿಂಗ್‌ನ ಗಡಸುತನ ಇದರಲ್ಲಿ ಎಲ್ಲೂ ಇಲ್ಲ. ವಾಲಿದಾಗ ಗುರುತ್ವ ಕೇಂದ್ರ ತಾನೂ ಚೂರು ಪಕ್ಕಕ್ಕೆ ಸರಿಯುವುದನ್ನು ಬಿಟ್ಟರೆ, ಮೆತ್ತಗಿನ ಸ್ಪ್ರಿಂಗ್ ಹಾಕಿದರೂ ಕಬ್ಬಿಣದ ಗೂಟ ನೆಟ್ಟರೂ ಆ 300 ಕೆ.ಜಿ. ಸರಿದೇ ಸರಿಯುತ್ತದೆ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಮಾಡುವುದೇನು? ಆ ಭಾರದಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನವುಗಳ ಪಾಲೆಷ್ಟು ಎಂದು ಹಂಚುತ್ತದೆ. ಟೈರ್‌ನ ಗುಣವೊಂದನ್ನು ಇಲ್ಲಿ ನೆನಪಿಡಬೇಕು. ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಆದ್ದರಿಂದ ಒಂದು ಆ್ಯಕ್ಸಲ್‌ನ ಎರಡು ಟೈರ್‌ಗಳ ನಡುವೆ ಭಾರದ ವ್ಯತ್ಯಾಸ ಹೆಚ್ಚಿದಷ್ಟೂ ಆ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ. ನಮ್ಮ ಹ್ಯಾಚ್‌ಬ್ಯಾಕ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಲ್ಲಾ ಮುಂದೆ. ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಅದೇ. ಅಂಥ ಕಾರಿನ ಮುಂಭಾಗವನ್ನೇ ಇನ್ನಷ್ಟು ಗಟ್ಟಿ ಮಾಡಿಸಿ, ದಪ್ಪ ಸ್ಟೆಬಿಲೈಸರ್ ಬಾರನ್ನೂ ಹಾಕಿಸಿದರೆ ಸ್ಟಿಯರಿಂಗ್ ತಿರುಗಿಸಿದಾಗ ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ರೇಸ್ ತಂಡಗಳು ಮಾಡುವುದು ಇದಕ್ಕೆ ತಿರುಗಾಮುರುಗಾ: ಹಿಂಭಾಗವನ್ನು ಗಟ್ಟಿ ಮಾಡುತ್ತವೆ. ರೇಸ್ ಫೋಟೊಗಳಲ್ಲಿ ಪೋಲೊ, ಸ್ವಿಫ್ಟ್‌ಗಳ ಒಳಬದಿಯ ಹಿಂಚಕ್ರ ಗಾಳಿಯಲ್ಲಿ ಎದ್ದಿರುವುದನ್ನು ನೋಡಿ ಏನೋ ಎಡವಟ್ಟಾಗಿದೆ ಎಂದುಕೊಳ್ಳುವವರಿದ್ದಾರೆ. ಅದು ಬೇಕೆಂದೇ ಮಾಡಿದ್ದು; ಸರಿಯುವ ಭಾರದಲ್ಲಿ ಹಿಂದಿನ ಜೋಡಿ ಹೆಚ್ಚು ಪಾಲು ಹೊತ್ತು ಮುಂದಿನ ಜೋಡಿಯ ಪಾಲನ್ನು ಕಡಿಮೆ ಮಾಡಿದೆ. ಆದರೆ ಅದೇ ಸೆಟ್ಟಿಂಗ್‌ನಲ್ಲಿ ಮಳೆ ಬಿದ್ದ ಹೆದ್ದಾರಿಯಲ್ಲಿ ಥಟ್ಟನೆ ಲೇನ್ ಬದಲಿಸಿದರೆ ಕಾರಿನ ಬಾಲ ಬೀಸಿಬಿಡಬಹುದು. ಮನೆಮಂದಿ ಕೂರುವ ಕಾರಿಗೆ ಅದನ್ನು ಹಾಕಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಕೆ-1000 ರ‍್ಯಾಲಿಯ ಕಾರುಗಳನ್ನು ನೋಡಿ ಬೆಳೆದವರು ಆ ಶಾಕ್‌ಗಳೇ ಬೇಕೆನ್ನುವುದೂ ಉಂಟು. ಮಣ್ಣುದಾರಿಯ ಗುಂಡಿಗಳಿಗೆಂದು ಮಾಡಿದ ಉದ್ದ ಓಟದ ಶಾಕ್ ಅದು. ಡಾಂಬರಿನ ಟ್ರ್ಯಾಕ್‌ನ ಅಗತ್ಯವೇ ಬೇರೆ.

ಇನ್ನು ಕಾರಿನ ಎತ್ತರ ಇಳಿಸುವ, ಅಂದರೆ ಡೌನ್ ಮಾಡಿಸುವ ವಿಚಾರ. ಗುರುತ್ವ ಕೇಂದ್ರ ಇಳಿದರೆ ಒಳ್ಳೆಯದೆಂಬುದು ನಿಜ. ಮೇಲಿನ ಲೆಕ್ಕದಲ್ಲಿ ಎತ್ತರ ಕಡಿಮೆಯಾದರೆ ಸರಿಯುವ ಭಾರವೂ ಕಡಿಮೆ. 3 ಸೆಂ.ಮೀ. ಇಳಿಸಿದರೆ 300 ಕೆ.ಜಿ.ಯಲ್ಲಿ ಕಡಿಮೆಯಾಗುವುದು 16-17 ಕೆ.ಜಿ. ಅದಕ್ಕೆ ತೆರುವ ಬೆಲೆ ಏನೆಂದು ಕಾರಿನ ಕೆಳಗೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಕಂಪನಿಯ ಎತ್ತರದಲ್ಲಿ ಅದರ ಲೋವರ್ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿಯೋ, ಚಕ್ರದ ಕಡೆಗೆ ತುಸು ಇಳಿಜಾರಾಗಿಯೋ ಇರುತ್ತದೆ. ಕಾರನ್ನು ಇಳಿಸಿದಾಗ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲೇಳುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಬಾಡಿ ಇಳಿದದ್ದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಬಿಂದುವಿಗೂ ಗುರುತ್ವ ಕೇಂದ್ರಕ್ಕೂ ಅಂತರ ಹೆಚ್ಚಿ, ಅದೇ ಸ್ಪ್ರಿಂಗ್‌ನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಟೈ ರಾಡ್‌ನ ಕೋನವೂ ಕೆಡುವುದರಿಂದ ಹಂಪ್ ಮೇಲೆ ಚಕ್ರ ತಾನಾಗಿ ಆ ಕಡೆ ಈ ಕಡೆ ತಿರುಗುತ್ತದೆ.

ಸ್ಪ್ರಿಂಗ್ ಕಟ್ ಮಾಡಿಸುವುದಂತೂ ಬೇಡವೇ ಬೇಡ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ನಿಜ. ಆದರೆ ಶಾಕ್ ಹಳೆಯದೇ. ಗಟ್ಟಿಯಾದ ಸ್ಪ್ರಿಂಗ್‌ನ ಪುಟಿತವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ, ಓಡಾಡಲು ಜಾಗವೂ ಉಳಿದಿಲ್ಲ. ಮೊದಲ ಹಂಪ್‌ಗೇ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಜ್ಯಾಕ್ ಹಾಕಿ ಎತ್ತಿದಾಗ ತುಂಡಾದ ಸ್ಪ್ರಿಂಗ್ ಸೀಟ್‌ನಲ್ಲಿ ಸಡಿಲವಾಗಿ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ; ಗುಂಡಿ ಹಾರಿದ ಕಾರಿನಲ್ಲೂ ಆಗುವುದು ಅದೇ.

ಇದೆಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಕೊಡುವುದು ಅಲೈನ್‌ಮೆಂಟ್. ಜನ ಗಮನ ಕೊಡದಿರುವುದೂ ಅದಕ್ಕೇ.

"ಅಣ್ಣ, ಎಲ್ಲಾ ಗ್ರೀನ್ ಬಂತು ನೋಡಿ, ಇನ್ನೇನೂ ಮಾಡೋ ಹಾಗಿಲ್ಲ." ತುಮಕೂರಿನ ಬಿ.ಎಚ್. ರಸ್ತೆಯ ಯಾವ ಅಲೈನ್‌ಮೆಂಟ್ ಅಂಗಡಿಗೆ ಹೋದರೂ ಕೇಳುವ ಮಾತು. ಹುಡುಗ ಹೇಳುವುದು ಸುಳ್ಳಲ್ಲ. ಆದರೆ ಯಂತ್ರದ ಪರದೆಯಲ್ಲಿ ಹಸಿರು ಎಂದರೆ ರಸ್ತೆಯ ಬಳಕೆಗೆ ಕಂಪನಿ ಒಪ್ಪಿದ ಮಿತಿಯೊಳಗಿದೆ ಎಂದಷ್ಟೇ ಅರ್ಥ. ಎಡಕ್ಕೆ ಮೈನಸ್ 0.1, ಬಲಕ್ಕೆ ಮೈನಸ್ 0.5 ಡಿಗ್ರಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಒಳಕ್ಕಾದರೆ ಮೈನಸ್) ಇದ್ದರೂ ಎರಡೂ ಹಸಿರಾಗಿ ಕಾಣಬಹುದು. ಇನ್ನೇನೂ ಮಾಡುವ ಹಾಗಿಲ್ಲ ಎಂಬುದಕ್ಕೂ ಕಾರಣವಿದೆ. ನಮ್ಮ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಕಂಪನಿ ಬಿಟ್ಟಿರುವ ಹೊಂದಾಣಿಕೆ ಮುಂದಿನ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ. ಆದರೂ ದಾರಿಯಿದೆ. ಸ್ವಿಫ್ಟ್‌ನ ಸ್ಟ್ರಟ್ ಎರಡು ಬೋಲ್ಟ್‌ಗಳಿಂದ ಚಕ್ರದ ನಕಲ್‌ಗೆ ಕೂತಿರುತ್ತದೆ. ಅದರಲ್ಲೊಂದನ್ನು ತೆಗೆದು, ನಡುವೆ ಉಬ್ಬಿರುವ ಕ್ಯಾಂಬರ್ ಬೋಲ್ಟ್ ಹಾಕಿ ತಿರುಗಿಸಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಇನ್ನೂ ಹೆಚ್ಚು ಬೇಕಿದ್ದರೆ ಸ್ಟ್ರಟ್‌ನ ಮೇಲೆ ಕ್ಯಾಂಬರ್ ಪ್ಲೇಟ್.

ಯಾಕೆ ಒಳಕ್ಕೆ? ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ. ಟೈರ್ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಒಳಕ್ಕೆ ವಾಲಿಸಿಟ್ಟಿದ್ದರೆ ಆ ಹೊತ್ತಿನಲ್ಲಿ ಅಡಿಪೂರ್ತಿ ನೆಲಕ್ಕೆ ಕೂರುತ್ತದೆ. ಸಾಮಾನ್ಯ ರಸ್ತೆ ಟೈರ್ ಹಾಕಿ, ರಸ್ತೆಯಲ್ಲೇ ಓಡಿಸಿಕೊಂಡು ಟ್ರ್ಯಾಕ್‌ಗೆ ಹೋಗುವ ಕಾರಿಗೆ ಮುಂದೆ ಮೈನಸ್ 1.5 ಡಿಗ್ರಿ ಆಸುಪಾಸು, ಟೋ ಸೊನ್ನೆ, ಇದು ನಾನು ಧೈರ್ಯವಾಗಿ ಹೇಳುವ ಅಳತೆ. ಗಟ್ಟಿ ಸ್ಪ್ರಿಂಗ್ ಹಾಕಿದವರಿಗೆ ಹಿಡಿತ ಹೆಚ್ಚಿದಂತೆ ಅನ್ನಿಸಲು ಮುಖ್ಯ ಕಾರಣವೂ ವಾಲುವುದು ತಗ್ಗಿ ಟೈರ್ ಚಪ್ಪಟೆ ಕೂತದ್ದೇ. ಅದನ್ನು ಕ್ಯಾಂಬರ್ ಬೋಲ್ಟ್‌ನಲ್ಲಿಯೇ ಬಹುಪಾಲು ಪಡೆಯಬಹುದು.

"ಕ್ಯಾಂಬರ್ ಕೊಟ್ಟರೆ ಟೈರ್ ಒಳಗಡೆ ತಿಂದುಹಾಕುತ್ತೆ" ಎಂಬ ಭಯ ಇಲ್ಲಿ ಅಡ್ಡ ಬರುತ್ತದೆ. ಒಂದೂವರೆ ಡಿಗ್ರಿಯಿಂದ ಸ್ವಲ್ಪ ಸವೆತ ಹೆಚ್ಚುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ತಿಂಗಳೊಪ್ಪತ್ತಿನಲ್ಲಿ ಟೈರ್‌ನ ಒಳ ಅಂಚು ನೂಲು ಬಿಡುವಂತೆ ಮಾಡುವುದು ಸಾಮಾನ್ಯವಾಗಿ ಟೋ. ಚಕ್ರ ಕಾಲು ಡಿಗ್ರಿ ಹೊರಕ್ಕೆ ತಿರುಗಿದ್ದರೂ ಪ್ರತಿ ಕಿಲೋಮೀಟರ್‌ಗೆ 4 ಮೀಟರ್‌ಗಿಂತ ಹೆಚ್ಚು ಅಡ್ಡಕ್ಕೆ ಎಳೆದಂತೆ. ಚೆನ್ನೈ ಕಡೆ ಹೋಗಿಬರುವ 700 ಕಿ.ಮೀ.ಗೆ ಅದು 3 ಕಿ.ಮೀ. ಆಗುತ್ತದೆ. ಸ್ಟ್ರಟ್‌ನಲ್ಲಿ ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ, ಎತ್ತರ ಇಳಿಸಿದರೂ ಬದಲಾಗುತ್ತದೆ. ಅದನ್ನು ಮತ್ತೆ ಸರಿ ಮಾಡಿಸದೆ ಓಡಿಸಿ, ತಪ್ಪನ್ನು ಕ್ಯಾಂಬರ್ ತಲೆಗೆ ಕಟ್ಟುತ್ತಾರೆ. ಆದ್ದರಿಂದ ಮೊದಲು ಕ್ಯಾಂಬರ್, ಆಮೇಲೆ ಟೋ. ಅದಕ್ಕೂ ಮೊದಲು ಬುಶ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಆಟ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಳೆಯುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮ ಭಾರ ಇರಲಿ. ಕೂರಲು ಬಿಡದಿದ್ದರೆ 25 ಕೆ.ಜಿ.ಯ ಮೂರು ಅಕ್ಕಿ ಚೀಲ ಇಟ್ಟರೆ ಸಾಕು. ಮೂರು ಮೂಟೆ ಹೊತ್ತು ಬಂದವರನ್ನು ಕಂಡು ಅಂಗಡಿಯವರು ನಗಬಹುದು, ಅಳತೆ ಮಾತ್ರ ನಿಜವಾದದ್ದು ಸಿಗುತ್ತದೆ.

ಕಾರು ಎಡಕ್ಕೆ ಎಳೆದರೆ ಅಲೈನ್‌ಮೆಂಟ್ ಹೋಗಿದೆ ಎಂದೇ ತಿಳಿಯಬೇಕಿಲ್ಲ. ನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ನಾವು ಓಡಿಸುವುದು ಎಡಬದಿಯಲ್ಲಿ. ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ನೋಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರ್‌ನದು. ಹಾಗೆಯೇ ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಕಾಯಿಲೋವರ್‌ನ ಗುಂಡಿಯನ್ನು ಕೊನೆಯ ಕ್ಲಿಕ್‌ವರೆಗೆ ತಿರುಗಿಸಿದರೆ ರೇಸ್ ಸೆಟ್ಟಿಂಗ್ ಎಂಬುದೂ ತಪ್ಪು. ಡ್ಯಾಂಪರ್, ಅಂದರೆ ಶಾಕ್, ನಿರ್ಧರಿಸುವುದು ಭಾರ ಎಷ್ಟು ಬೇಗ ಸರಿಯಬೇಕು ಎಂಬುದನ್ನು, ಎಷ್ಟು ಸರಿಯಬೇಕು ಎಂಬುದನ್ನಲ್ಲ. ಅತಿಯಾದರೆ ಚಕ್ರ ರಸ್ತೆಯ ಉಬ್ಬುತಗ್ಗನ್ನು ಹಿಂಬಾಲಿಸಲಾರದೆ ಜಿಗಿಯುತ್ತದೆ. ನಡುವಿನಿಂದ ಶುರುಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಕೊನೆಯದಾಗಿ ಗಾಳಿ. ನೈಟ್ರೋಜನ್ ತುಂಬಿಸಿದರೆ ಬಿಸಿಗೆ ಒತ್ತಡ ಏರುವುದಿಲ್ಲ ಎಂದು ಪೆಟ್ರೋಲ್ ಬಂಕ್‌ಗಳಲ್ಲಿ ಹೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಬಿಸಿಯಾದಾಗ ಹಿಗ್ಗುವ ನಿಯಮ ಎರಡಕ್ಕೂ ಒಂದೇ. ಬಿಸಿಯ ವಿಚಾರದಲ್ಲಿ ತೇವವಿಲ್ಲದಿರುವುದೊಂದೇ ಅದರ ಅನುಕೂಲ. 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರ್ ಟ್ರ್ಯಾಕ್‌ನಲ್ಲಿ 70 ಡಿಗ್ರಿ ಮುಟ್ಟಿದರೆ ಒತ್ತಡ 38 ಆಗುತ್ತದೆ, ಒಳಗೆ ಯಾವುದೇ ಇರಲಿ. ಹೊರಡುವ ಮುನ್ನ ಟೈರ್‌ನ ಅಡಿಯಿಂದ ಅಂಚು ದಾಟಿ ಪಕ್ಕೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನಾಲ್ಕಾರು ಸುತ್ತಾದ ಮೇಲೆ ಗೆರೆ ಪಕ್ಕೆಯವರೆಗೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಗಾಳಿಯೋ ಕ್ಯಾಂಬರೋ ಸಾಲದು. ಅಳಿಸಿರುವುದು ಅಂಚಿಗೆ ಬರುವ ಮೊದಲೇ ನಿಂತಿದ್ದರೆ ಗಾಳಿ ಹೆಚ್ಚಾಗಿದೆ, ಬಿಸಿಯಿದ್ದಾಗಲೇ ಸ್ವಲ್ಪ ಇಳಿಸಿ. ಹಾಗೆ 38ರಿಂದ 32ಕ್ಕೆ ಇಳಿಸಿದ ಟೈರ್ ರಾತ್ರಿ ತಣ್ಣಗಾದಾಗ 27ರ ಹತ್ತಿರ ಬಂದಿರುತ್ತದೆ. ಲಗೇಜ್, ಗೆಳೆಯರನ್ನು ತುಂಬಿಕೊಂಡು ತುಮಕೂರಿಗೆ ಹೊರಡುವ ಮುಂಚೆ ನಾಲ್ಕೂ ಚಕ್ರಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಕಂಪನಿ ಬರೆದಿರುವಷ್ಟು ಗಾಳಿ ಮತ್ತೆ ತುಂಬಿಸಿ, ವೀಲ್ ನಟ್‌ಗಳನ್ನೂ ಒಮ್ಮೆ ಬಿಗಿಮಾಡಿ.