ಜಾತ್ರೆಗೂ ಮನೆಬದಲಾವಣೆಗೂ ಒಂದೇ ಗಾಡಿ

ನಮ್ಮ ಹಿರಿಯರ ಕಾಲದಲ್ಲಿ ಒಂದು ಜೊತೆ ಎತ್ತು, ಒಂದು ಬಂಡಿ ಇದ್ದ ಗೃಹಸ್ಥನು ಯಾವ ಪ್ರಯಾಣಕ್ಕೂ ಪರರ ಮುಖವನ್ನು ನೋಡಬೇಕಾಗಿರಲಿಲ್ಲ. ಜಾತ್ರೆ ಬಂದಿತೆಂದರೆ ಬಂಡಿಗೆ ಕಮಾನು ಕಟ್ಟಿ, ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಬುತ್ತಿಯ ಗಂಟಿನೊಡನೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವನು. ರಾತ್ರಿ ಆ ಬಂಡಿಯೇ ಬಿಡಾರ. ಬೇರೆ ಊರಿಗೆ ಒಕ್ಕಲು ಹೋಗಬೇಕಾದಾಗ ಕಮಾನನ್ನು ಬಿಚ್ಚಿಟ್ಟು, ಒರಳು ಒನಕೆಗಳಿಂದ ಹಿಡಿದು ಮಗುವಿನ ತೊಟ್ಟಿಲಿನವರೆಗೆ ಸಂಸಾರವನ್ನೆಲ್ಲ ಅದರ ಮೇಲೆಯೇ ಹೇರುವನು. ಅಂತಹ ಬಂಡಿಯನ್ನು ಕೊಳ್ಳುವಾಗ ಅವನು ಬಳಿದ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಅಚ್ಚನ್ನೂ ಗಾಲಿಯನ್ನೂ ತಟ್ಟಿ ನೋಡುತ್ತಿದ್ದನು.

ಈ ಮಾತು ನನ್ನ ನೆನಪಿಗೆ ಬಂದುದು ಹೋದ ಬೇಸಗೆಯಲ್ಲಿ, ಇಂಗ್ಲೆಂಡಿನಲ್ಲಿ. ನನ್ನ ತಂಗಿಯ ಮಗನು ಲಂಡನ್ ನಗರದ ಹೊರವಲಯದಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗಳೊಡನೆ ಬಾಡಿಗೆಯ ಮನೆಯಲ್ಲಿದ್ದನು. ಮನೆಯ ಒಡೆಯನು ಅದನ್ನು ಮಾರಲು ನಿಶ್ಚಯಿಸಿದ್ದರಿಂದ ಇವರು ಸಂಸಾರವನ್ನು ಬೇರೆಡೆಗೆ ಸಾಗಿಸಬೇಕಾಗಿದ್ದಿತು. ಅಲ್ಲದೆ ಬೇಸಗೆಯಲ್ಲಿ ಆ ದೇಶದ ಹೊಲಗಳ ನಡುವೆ ಸಂಗೀತದ ಜಾತ್ರೆಗಳು ನೆರೆಯುವುವು. ಜನರು ಮೂರು ನಾಲ್ಕು ದಿನ ಅಲ್ಲಿಯೇ ಬಿಡಾರ ಹೂಡುವರು. ೧೯೭೦ರಲ್ಲಿ ಸಾಮರ್ಸೆಟ್ ಸೀಮೆಯ ಪಿಲ್ಟನ್ ಹಳ್ಳಿಯ ಹೊಲವೊಂದರಲ್ಲಿ, ಒಂದು ಪೌಂಡಿನ ಟಿಕೆಟ್ಟಿನೊಡನೆ ಹಾಲನ್ನೂ ಉಚಿತವಾಗಿ ಕೊಟ್ಟು ಪ್ರಾರಂಭವಾದ ಗ್ಲಾಸ್ಟನ್‌ಬರಿಯ ಉತ್ಸವವು ಇವುಗಳಲ್ಲಿ ಹೆಸರಾದುದು. ದಂಪತಿಗಳಿಗೆ ಇಂತಹ ಜಾತ್ರೆಗಳೆಂದರೆ ಪ್ರೀತಿ.

“ಹಳೆಯ ಕಾಲದ ಒಂದು ವ್ಯಾನನ್ನು ಕೊಂಡುಬಿಟ್ಟರೆ ಎರಡು ಕೆಲಸವೂ ಆಗುವುದಲ್ಲ, ಮಾವ?” ಎಂದು ಹುಡುಗನು ಕೇಳಿದನು. ಎರಡು ವರ್ಷದ ಉಳಿತಾಯವನ್ನು ಅದಕ್ಕಾಗಿ ತೆಗೆದಿಟ್ಟಿದ್ದನು.

“ಇವರು ಬಣ್ಣಕ್ಕೆ ಸೋತಿದ್ದಾರೆ. ನೀವೂ ಜೊತೆಗೆ ಬನ್ನಿ, ಮಾವ” ಎಂದಳು ಅವನ ಹೆಂಡತಿ.

ಮರುದಿನ ನಾವು ನೋಡಿದುದು ೧೯೬೬ರ ಒಂದು ಫೋಕ್ಸ್‌ವ್ಯಾಗನ್ ವ್ಯಾನು. ಮೇಲ್ಭಾಗ ಕೆನೆಯ ಬಣ್ಣ, ಕೆಳಭಾಗ ತಿಳಿಹಸಿರು. ಮುಂಭಾಗವು ನಗುವ ಮುಖದಂತೆ. ಒಳಗೆ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಬೆಂಚು, ಪುಟ್ಟ ತೊಟ್ಟಿ, ಒಲೆ, ಹೂವಿನ ಪರದೆಗಳು. ಹುಡುಗನ ಕೈ ಆಗಲೇ ಜೇಬಿನತ್ತ ಹೋಗುತ್ತಿತ್ತು.

ಈ ಗಾಡಿಯ ವೃತ್ತಾಂತವು ಸ್ವಾರಸ್ಯವಾದುದು. ೧೯೪೭ರಲ್ಲಿ ಬೆನ್ ಪಾನ್ ಎಂಬ ಡಚ್ ವರ್ತಕನು ಜರ್ಮನಿಯ ವುಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ, ಕಾರಿನ ಭಾಗಗಳಿಂದಲೇ ಜೋಡಿಸಿದ ಸಾಮಾನು ಸಾಗಿಸುವ ಒಂದು ಒರಟು ಗಾಡಿಯನ್ನು ಕಂಡನು. ಕೂಡಲೆ ತನ್ನ ಟಿಪ್ಪಣಿ ಪುಸ್ತಕದಲ್ಲಿ, ಹಿಂದುಗಡೆ ಇಂಜಿನ್ನಿರುವ ಒಂದು ಪೆಟ್ಟಿಗೆಯಾಕಾರದ ಗಾಡಿಯ ಚಿತ್ರವನ್ನು ಗೀಚಿದನು. ಅದೇ ಬೆಳೆದು ೧೯೫೦ರಲ್ಲಿ ಈ ವ್ಯಾನಾಗಿ ಹೊರಬಂದಿತು. ಗಾಳಿಯಿಂದಲೇ ತಣಿಯುವ ಅದರ ಇಂಜಿನ್ನಿಗೆ ಮೊದಲಿಗೆ ಇದ್ದುದು ೨೫ ಅಶ್ವಶಕ್ತಿ ಮಾತ್ರ. ಮುಂದಿನ ಗಾಜು ನಡುವೆ ಸೀಳಿರುವ ಬಗೆಯು ಜರ್ಮನಿಯಲ್ಲಿ ೧೯೬೭ರವರೆಗೆ ತಯಾರಾಯಿತು. ಆ ಬಗೆಗೇ ಈಗ ಬೆಲೆ ಹೆಚ್ಚು.

ಅಂದವನ್ನು ನೋಡಿಯಾದ ಮೇಲೆ ನೆಲವನ್ನು ನೋಡಬೇಕು. ವ್ಯಾನಿನ ಇಂಜಿನ್ ಎಲ್ಲಿದೆಯೆಂಬುದು ಅದರ ನೆಲವನ್ನು ನಿರ್ಣಯಿಸುವುದು. ಆ ನೆಲವು ನಮ್ಮ ಉಪಯೋಗವನ್ನು ನಿರ್ಣಯಿಸುವುದು. ಫೋಕ್ಸ್‌ವ್ಯಾಗನ್ನಿನಲ್ಲಿ ಇಂಜಿನ್ ಹಿಂದಿರುವುದರಿಂದ ಹಿಂಭಾಗದ ನೆಲವು ಜಗಲಿಯಂತೆ ಎದ್ದಿರುತ್ತದೆ. ಮಲಗಲು ಅದು ಅನುಕೂಲವೇ ಸರಿ. ಆದರೆ ಬಟ್ಟೆಯ ಬೀರುವನ್ನು ಹಿಂದಿನಿಂದ ನೆಟ್ಟಗೆ ತಳ್ಳಲಾಗದು. ೧೯೪೭ರಿಂದ ೧೯೮೧ರವರೆಗೆ ಫ್ರಾನ್ಸಿನಲ್ಲಿ ತಯಾರಾದ ಸಿಟ್ರೊಯೆನ್ ‘ಎಚ್’ ಎಂಬ ಸುಕ್ಕುತಗಡಿನ ವ್ಯಾನು ಇದಕ್ಕೆ ವಿರುದ್ಧವಾದುದು. ಅದರ ಇಂಜಿನ್ ಮುಂದಿದ್ದು ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ, ನೆಲವು ತೀರ ತಗ್ಗಾಗಿಯೂ ಸಮವಾಗಿಯೂ ಇರುವುದು. ಒಳಗೆ ನಿಂತು ಓಡಾಡಬಹುದು. ನಮ್ಮಲ್ಲಿ ವ್ಯಾನುಗಳಿಗೆಲ್ಲ ಹೆಸರಾಗಿ ನಿಂತ ಮೆಟಡಾರ್ ಕೂಡ ಇದೇ ಜಾತಿಯದು. ಅದರ ಮೂಲಗಾಡಿಯನ್ನು ಜರ್ಮನಿಯ ಟೆಂಪೊ ಕಾರ್ಖಾನೆಯವರು ೧೯೪೯ರಲ್ಲಿ ಹೊರತಂದಾಗ ಫೋಕ್ಸ್‌ವ್ಯಾಗನ್ನಿನ ಇಂಜಿನ್ನನ್ನೇ ಅದಕ್ಕೆ ಕೂಡಿಸಿದ್ದರು. ಆದರೆ ಶಕ್ತಿ ಹರಿದುದು ಮುಂದಿನ ಗಾಲಿಗಳಿಗೆ. ಒಂದೇ ಯಂತ್ರ, ಇಟ್ಟ ಸ್ಥಳ ಬೇರೆಯಾದ ಮಾತ್ರಕ್ಕೆ ನೆಲವೇ ಬೇರೆಯಾಯಿತು! ೧೯೬೫ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಫೋರ್ಡ್ ಟ್ರಾನ್ಸಿಟ್ಟಿನ ಕ್ರಮ ಇನ್ನೊಂದು. ಅದರ ಇಂಜಿನ್ ಮುಂದೆ, ಓಡಿಸುವ ಗಾಲಿಗಳು ಹಿಂದೆ. ನೆಲವು ಕೊಂಚ ಎತ್ತರವಾದರೂ ಸಮವಾದುದು, ಹಿಂದಿನ ಬಾಗಿಲುಗಳು ಅಗಲವಾದುವು.

ನಾವು ಮನೆಯಿಂದ ಅಳತೆಯ ಪಟ್ಟಿಯನ್ನೂ ಒಂದು ಸಣ್ಣ ಅಯಸ್ಕಾಂತವನ್ನೂ ತಂದಿದ್ದೆವು. ಪಟ್ಟಿಯನ್ನು ಹಿಡಿದಾಗ ಮನೆಯ ಬೀರು ಆ ವ್ಯಾನಿನೊಳಗೆ ಹಿಡಿಸದೆಂಬುದು ತಿಳಿಯಿತು. ತೊಟ್ಟಿಯೂ ಒಲೆಯೂ ಅರ್ಧ ಸ್ಥಳವನ್ನು ಆಕ್ರಮಿಸಿದ್ದುವು. ಅಯಸ್ಕಾಂತವು ಇನ್ನೂ ಹೆಚ್ಚಿನದನ್ನು ಹೇಳಿತು. ಬಾಗಿಲಿನ ಕೆಳಗಿನ ಅಂಚಿನಲ್ಲಿಯೂ ಗಾಲಿಯ ಮೇಲಣ ಕಮಾನಿನಲ್ಲಿಯೂ ಅದು ಅಂಟದೆ ಕೆಳಗೆ ಬಿದ್ದಿತು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗಳ ಮೇಲೆ ಮಂಜು ಗಟ್ಟದಂತೆ ಉಪ್ಪು ಎರಚುವರು. ಅರುವತ್ತು ವರ್ಷ ಆ ಉಪ್ಪುನೀರಿನಲ್ಲಿ ಓಡಾಡಿದ ಉಕ್ಕು ತುಕ್ಕು ಹಿಡಿದುದು ಗಾಡಿಯ ದೋಷವಲ್ಲ. ಆ ತೂತುಗಳಿಗೆ ಮೇಣದಂತಹ ಲಪ್ಪವನ್ನು ತುಂಬಿ ಮೇಲೆ ತಿಳಿಹಸಿರು ಬಳಿದುದು ಮನುಷ್ಯನ ದೋಷ. ಇಂಜಿನ್ ಕೆಟ್ಟರೆ ಬೇರೆ ಹಾಕಿಸಬಹುದು. ನೆಲಗಟ್ಟು ಕರಗಿದ ಗಾಡಿಯನ್ನು ಸರಿಮಾಡಿಸಹೊರಟರೆ ಕೊಂಡ ಬೆಲೆಗಿಂತ ರಿಪೇರಿಯೇ ಹೆಚ್ಚಾದೀತು.

ಇಷ್ಟಾದರೂ ಹುಡುಗನ ಮನಸ್ಸು ಹಿಂದೆಗೆಯಲಿಲ್ಲ. ಅವನನ್ನು ನಿಲ್ಲಿಸಿದವಳು ಹೆಂಡತಿ. ಮಗುವಿನ ಆಸನವನ್ನು ಕಂಕುಳಲ್ಲಿ ಹಿಡಿದು ಬಂದಿದ್ದ ಅವಳು, “ಇದನ್ನು ಎಲ್ಲಿ ಕಟ್ಟುವುದು?” ಎಂದು ಒಂದೇ ಪ್ರಶ್ನೆ ಕೇಳಿದಳು. ಒಳಗೆಲ್ಲಿಯೂ ಬೆಲ್ಟುಗಳಿರಲಿಲ್ಲ. ತಯಾರಾದಾಗಲೇ ಬೆಲ್ಟುಗಳಿಲ್ಲದಿದ್ದ ವಾಹನದಲ್ಲಿ ೩ ವರ್ಷ ತುಂಬದ ಮಗುವನ್ನು ಕರೆದೊಯ್ಯಕೂಡದೆಂದು ಅಲ್ಲಿಯ ಕಾನೂನಿದೆ. ಅದಕ್ಕೆ ಮೀರಿದ ಮಕ್ಕಳೂ ಹಿಂದಿನ ಆಸನದಲ್ಲಿಯೇ ಕೂರಬೇಕು. ಜಾತ್ರೆಗೆಂದು ಕೊಳ್ಳುವ ಗಾಡಿಯಲ್ಲಿ ಮಗಳಿಗೇ ಸ್ಥಳವಿಲ್ಲದಿದ್ದರೆ ಆ ಜಾತ್ರೆ ಯಾರಿಗಾಗಿ? ಹುಡುಗನು ಮಾತಾಡದೆ ಹಿಂದಿರುಗಿದನು.

ಹತ್ತು ದಿನಗಳ ತರುವಾಯ ಒಬ್ಬ ವೃದ್ಧ ಬಡಗಿಯ ಮನೆಯಲ್ಲಿ ೧೯೮೩ರ ಒಂದು ಟ್ರಾನ್ಸಿಟ್ ಕಂಡಿತು. ಬಿಳಿಯ ಬಣ್ಣ, ಮಾಸಿದುದು. ಆದರೆ ಅಯಸ್ಕಾಂತವು ಎಲ್ಲೆಡೆಯೂ ಗಟ್ಟಿಯಾಗಿ ಕಚ್ಚಿತು. ಮುಂದೆ ಮೂವರ ಆಸನ, ಮೂರಕ್ಕೂ ಬೆಲ್ಟು. ಮಗುವಿನ ಆಸನವನ್ನು ಅಲ್ಲಿಯೇ ಕಟ್ಟಿ ನೋಡಿದೆವು, ಸರಿಯಾಗಿ ಕೂತಿತು. ಗಾಲಿಯ ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕೆಗಳಲ್ಲಿ ಒತ್ತಿರುವರು: ‘೨೩೧೯’ ಎಂದಿದ್ದರೆ ೨೦೧೯ರ ೨೩ನೆಯ ವಾರವೆಂದು ಅರ್ಥ. ಹಳೆಯ ವ್ಯಾನುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದುದರಿಂದ ಟೈರು ಸವೆಯದೆಯೆ ಮುದಿಯಾಗಿರುವುದುಂಟು. ಆದುದರಿಂದ ಈ ಅಂಕೆಗಳನ್ನು ಓದದೆ ಗಾಡಿಯನ್ನು ಹತ್ತಬಾರದು. ಪೆಟ್ರೋಲಿನ ರಬ್ಬರು ಕೊಳವೆಗಳನ್ನೂ ಬಗ್ಗಿಸಿ ನೋಡಬೇಕು. ಬಿರುಕು ಬಿಟ್ಟ ಕೊಳವೆಯು ಬೆಂಕಿಗೆ ಆಹ್ವಾನ.

ವಯಸ್ಸಿನಿಂದಲೂ ಒಂದು ಲಾಭವುಂಟು. ಆ ದೇಶದಲ್ಲಿ ೪೦ ವರ್ಷ ಮೀರಿದ ಗಾಡಿಯನ್ನು ಐತಿಹಾಸಿಕ ವಾಹನವೆಂದು ದಾಖಲು ಮಾಡಿಸಿದರೆ ರಸ್ತೆಯ ತೆರಿಗೆಯಿಲ್ಲ. ಲಂಡನ್ನಿನಲ್ಲಿ ಹೆಚ್ಚು ಹೊಗೆಯುಗುಳುವ ವಾಹನಗಳಿಗೆ ದಿನವೊಂದಕ್ಕೆ ೧೨.೫೦ ಪೌಂಡು ವಿಧಿಸುವರು. ೨೦೨೩ರ ಆಗಸ್ಟ್ ೨೯ರಿಂದ ಈ ನಿಯಮವು ನಗರದ ಎಲ್ಲ ವಿಭಾಗಗಳಿಗೂ ಹಬ್ಬಿದೆ; ಬಾಡಿಗೆಗೆ ಓಡಿಸದ ಐತಿಹಾಸಿಕ ವಾಹನಕ್ಕೆ ಅದರಿಂದಲೂ ವಿನಾಯಿತಿ. ಹೀಗಾಗಿ ೩೮ ವರ್ಷದ ವ್ಯಾನಿಗಿಂತ ೪೧ ವರ್ಷದ್ದು ಸಂಸಾರಸ್ಥನಿಗೆ ಅಗ್ಗ! ೨೦೧೮ರಿಂದ ಇಂತಹ ಗಾಡಿಗಳಿಗೆ, ಹೆಚ್ಚಿನ ಮಾರ್ಪಾಟುಗಳಾಗಿರದಿದ್ದರೆ, ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ಈ ವಿನಾಯಿತಿಯನ್ನು ಬುದ್ಧಿವಂತರು ಬಳಸಿಕೊಳ್ಳಲಾರರು. ವರ್ಷಕ್ಕೊಮ್ಮೆ ತಾವಾಗಿಯೇ ತಪಾಸಣೆ ಮಾಡಿಸುವರು. ನೋಂದಣಿಯ ಸಂಖ್ಯೆಯನ್ನು ಕೊಟ್ಟರೆ ಗಾಡಿಯ ಹಿಂದಿನ ತಪಾಸಣೆಗಳ ವಿವರವು ಸರಕಾರದ ಜಾಲತಾಣದಲ್ಲಿ ಉಚಿತವಾಗಿ ದೊರೆಯುವುದು. ಬಡಗಿಯ ವ್ಯಾನಿನ ವಿವರವನ್ನು ನಾವು ಕೊಳ್ಳುವ ಮೊದಲೇ ಓದಿದೆವು.

ಬರಿದಾದ ವ್ಯಾನಿನಲ್ಲಿ ಹಾಸಿಗೆ ಚೆಲ್ಲಿಕೊಂಡ ಮಾತ್ರಕ್ಕೆ ಜಾತ್ರೆಯ ಕೆಲಸ ಮುಗಿಯಲಿಲ್ಲ. ವಾಸದ ವ್ಯಾನುಗಳಿಗೆಂದು ಬೇರೆ ಹೊಲವನ್ನು ಮೀಸಲಿಡುವ ಉತ್ಸವಗಳಲ್ಲಿ ಅದಕ್ಕೆ ಬೇರೆ ಟಿಕೆಟ್ಟು ಬೇಕಾಗುವುದುಂಟು. ಒಳಗೆ ಮಂಚವೂ ಒಲೆಯೋ ತೊಟ್ಟಿಯೋ ಜೋಡಿಸಿರಬೇಕೆಂಬ ನಿಯಮವೂ ಉಂಟು. ಆದುದರಿಂದ ಟಿಕೆಟ್ಟಿಗೆ ಮುಂಚೆ ನಿಯಮಗಳನ್ನು ಓದತಕ್ಕದ್ದು. ಹುಡುಗನು ಮರದ ಮಂಚವನ್ನೂ ಒಲೆಯ ಪೆಟ್ಟಿಗೆಯನ್ನೂ ನೆಲಕ್ಕೆ ಬೋಲ್ಟಿನಿಂದ ಬಿಗಿದನು. ಸಾಮಾನು ಹೇರುವಾಗ ಬೋಲ್ಟು ಬಿಚ್ಚಿದರಾಯಿತು. ನಮ್ಮವರು ಕಮಾನು ಬಿಚ್ಚಿಟ್ಟಂತೆಯೇ! ಮುಚ್ಚಿದ ವ್ಯಾನಿನೊಳಗೆ ಒಲೆ ಉರಿಸಿಕೊಂಡು ಮಾತ್ರ ಮಲಗಬಾರದು. ಅದರಿಂದ ಹುಟ್ಟುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ರೆಯಲ್ಲಿಯೇ ಪ್ರಾಣವನ್ನು ತೆಗೆಯುವುದು.

ಮನೆಯ ಸಾಮಾನುಗಳನ್ನು ಹೇರುವುದರಲ್ಲಿಯೂ ಕ್ರಮವಿದೆ. ಭಾರವಾದುವು ಮುಂದುಗಡೆ, ನೆಲಕ್ಕೆ ತಾಗಿ, ಹಗುರಾದುವು ಮೇಲೆ, ಎಲ್ಲವನ್ನೂ ಹಗ್ಗದಿಂದ ಪಕ್ಕದ ಕೊಂಡಿಗಳಿಗೆ ಬಿಗಿಯಬೇಕು. ಗಾಡಿಯ ತಗಡಿನ ಮೇಲೆ ಬರೆದ ತೂಕವನ್ನು ಮೀರಬಾರದು. ಹಳೆಯ ಬ್ರೇಕುಗಳು ಇಂದಿನವುಗಳಷ್ಟು ಚುರುಕಲ್ಲವಾದುದರಿಂದ ಮುಂದಿನ ವಾಹನಕ್ಕೂ ನಮಗೂ ಅಂತರವು ಹೆಚ್ಚಾಗಿರಬೇಕು. ಎರಡು ಸಲದಲ್ಲಿ ಸಾಗಿಸಬಹುದಾದುದನ್ನು ಒಂದೇ ಸಲಕ್ಕೆ ತುರುಕುವುದು ಉಳಿತಾಯವಲ್ಲ.

ಈಚೆಗೆ ಸೊಸೆಯಿಂದ ಪತ್ರ ಬಂದಿತು. ಮೂರು ಸಲಕ್ಕೆ ಸಂಸಾರವೆಲ್ಲ ಹೊಸ ಮನೆಗೆ ಸಾಗಿತಂತೆ. ಮಗಳ ಪುಟ್ಟ ಮಂಚವನ್ನು ಎಲ್ಲಕ್ಕೂ ಕೊನೆಗೆ ಹೇರಿದ್ದರಿಂದ ಅದೇ ಮೊದಲು ಇಳಿಯಿತು. ಉಳಿದ ಸಾಮಾನು ಇಳಿಯುವ ವೇಳೆಗೆ ಮಗು ಅದರಲ್ಲಿ ಮಲಗಿ ನಿದ್ರಿಸಿತ್ತು. “ತಿಳಿಹಸಿರಿನ ಆ ವ್ಯಾನನ್ನು ಇವರು ಇನ್ನೂ ಮರೆತಿಲ್ಲ, ಮಾವ. ನಮ್ಮ ಬಿಳಿಯ ಗಾಡಿಗೂ ಅದೇ ಬಣ್ಣ ಬಳಿಯುತ್ತಾರಂತೆ” ಎಂದು ಬರೆದಿದ್ದಾಳೆ.

ಬಳಿಯಲಿ. ನೆಲ ಗಟ್ಟಿಯಾಗಿರುವ ಗಾಡಿಗೆ ಯಾವ ಬಣ್ಣವಾದರೂ ಒಪ್ಪುವುದು.