ಹಂಗು ತೊರೆದ ವಾದ್ಯಮಂಡಲಿ

ಸ್ವಾತಂತ್ರ್ಯವೆಂಬ ಮಾತನ್ನು ವೇದಿಕೆಯ ಮೇಲೆ ನಿಂತು ಸಾರುವುದು ಸುಲಭ. ಅದೇ ಮಾತನ್ನು ದಿನದಿನದ ಜಮಾಖರ್ಚಿನಲ್ಲಿ ನಡೆಸಿ ತೋರಿಸುವುದು ಕಷ್ಟ. ಪತ್ರಿಕೆಯನ್ನು ನಡೆಸುವ ನಮಗೆ ಈ ಕಷ್ಟದ ಪರಿಚಯವುಂಟು. ಕಾಗದದ ಬೆಲೆ, ಮಸಿಯ ಬೆಲೆ, ಜಾಹೀರಾತುದಾರರ ದಾಕ್ಷಿಣ್ಯ, ಇವುಗಳ ನಡುವೆ ಒಂದು ಅಭಿಪ್ರಾಯವನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದೆಂದರೇನೆಂಬುದನ್ನು ಬಲ್ಲವರೇ ಬಲ್ಲರು. ಆದುದರಿಂದ, ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ನಾಲ್ವರು ತರುಣರು ಹದಿನೈದು ವರ್ಷಗಳ ಕಾಲ ಯಾರ ಹಂಗಿಗೂ ಬೀಳದೆ ನಡೆಸಿದ 'ಫುಗಾಜಿ' ಎಂಬ ವಾದ್ಯಮಂಡಲಿಯ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತೇವೆ. ಅವರ ಸಂಗೀತವು ನಮ್ಮ ವಾಚಕರಲ್ಲಿ ಅನೇಕರ ಕಿವಿಗೆ ಹಿಡಿಸಲಾರದು. ಅವರ ಲೆಕ್ಕದ ಪುಸ್ತಕವು ಮನಸ್ಸಿಗೆ ಹಿಡಿಸೀತು.

1970ರ ದಶಕದ ನಡುವಣ ಕಾಲದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಪಂಕ್ ರಾಕ್ ಎಂಬ ಸಂಗೀತಪದ್ಧತಿಯು ತಲೆಯೆತ್ತಿತು. ಇದರಲ್ಲಿ ಆಲಾಪವಿಲ್ಲ, ಅಲಂಕಾರವಿಲ್ಲ. ವೇಗವುಂಟು, ಅಬ್ಬರವುಂಟು, ಒಂದೆರಡು ನಿಮಿಷದಲ್ಲಿ ಮುಗಿದುಹೋಗುವ ಹಾಡುಗಳುಂಟು. ವರ್ಷಗಟ್ಟಲೆ ಅಭ್ಯಾಸ ಮಾಡಿದವನೇ ವಾದ್ಯ ಮುಟ್ಟಬೇಕೆಂಬ ನಿಯಮವನ್ನು ಈ ಹುಡುಗರು ಒಪ್ಪಲಿಲ್ಲ. ಹೇಳಬೇಕಾದ ಮಾತಿದ್ದರೆ ಸಾಕು, ಗಿಟಾರನ್ನು ಕೈಗೆತ್ತಿಕೋ ಎಂಬುದೇ ಅವರ ಶಾಸ್ತ್ರ.

ವಾಷಿಂಗ್ಟನ್ನಿನ ಪಾಠಶಾಲೆಯ ಹುಡುಗರು ಕೆಲವರು 'ಟೀನ್ ಐಡಲ್ಸ್' ಎಂಬ ಮಂಡಲಿಯನ್ನು ಕಟ್ಟಿ ಒಂದು ವರ್ಷ ಹಾಡಿದರು. 1980ರ ಕೊನೆಯಲ್ಲಿ ಅದು ಒಡೆಯಿತು. ಕಚೇರಿಗಳಿಂದ ಬಂದ ಸುಮಾರು 600 ಡಾಲರುಗಳನ್ನು ಅವರು ಹಂಚಿಕೊಂಡಿರಲಿಲ್ಲ. ಆ ಹಣದಿಂದ ತಮ್ಮ ಎಂಟು ಹಾಡುಗಳ ಒಂದು ರೆಕಾರ್ಡನ್ನು ಸಾವಿರ ಪ್ರತಿ ಮಾಡಿಸಿದರು. ಅದನ್ನು ಹೊರತರುವುದಕ್ಕಾಗಿಯೇ ಇಯನ್ ಮೆಕ್‌ಕೈ, ಜೆಫ್ ನೆಲ್ಸನ್ ಮೊದಲಾದವರು ಸೇರಿ, ಅಪಸ್ವರವೆಂಬ ಅರ್ಥ ಹೊಳೆಯುವಂತೆ, 'ಡಿಸ್ಕಾರ್ಡ್' ಎಂಬ ಪ್ರಕಾಶನವನ್ನು ಸ್ಥಾಪಿಸಿದರು. ರೆಕಾರ್ಡಿನ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟು ಹಚ್ಚಿದರು. ಬಂಡವಾಳಗಾರನಿಲ್ಲದೆ ಹುಟ್ಟಿದ ಈ ಪ್ರಕಾಶನವು ಮುಂದಿನ ಕಥೆಗೆಲ್ಲ ತಳಹದಿಯಾಯಿತು.

ಕೆಲವು ವರ್ಷಗಳ ತರುವಾಯ ಮೆಕ್‌ಕೈಯವರು ಜೋ ಲಾಲಿ, ಬ್ರೆಂಡನ್ ಕ್ಯಾಂಟಿ ಎಂಬವರೊಡನೆ ಸೇರಿ ಹೊಸ ಮಂಡಲಿಯನ್ನು ಕಟ್ಟಿದರು. ಗೀ ಪಿಚೊಟೊ ಎಂಬವರು ಸ್ವಲ್ಪ ತಡವಾಗಿ ಬಂದು ಕೂಡಿಕೊಂಡರು. ವಿಯೆಟ್ನಾಂ ಯುದ್ಧದ ಸಿಪಾಯಿಗಳ ಆಡುಮಾತಿನಲ್ಲಿ, ಎಲ್ಲವೂ ಕೆಟ್ಟುಕೂತ ಸ್ಥಿತಿಗೆ ಹೇಳುತ್ತಿದ್ದ 'ಫುಗಾಜಿ' ಎಂಬ ಶಬ್ದವೇ ಮಂಡಲಿಯ ಹೆಸರಾಯಿತು. 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ಅವರ ಮೊದಲ ಕಚೇರಿ ನಡೆಯಿತು.

ಅವರು ಇಟ್ಟುಕೊಂಡ ಕಟ್ಟಳೆಗಳನ್ನು ಗಮನಿಸಬೇಕು. ಪ್ರವೇಶದರ ಸಾಮಾನ್ಯವಾಗಿ 5 ಡಾಲರು. ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು. ಏಕೆಂದರೆ ಮದ್ಯ ಮಾರುವ ಸಭಾಂಗಣಗಳ ಬಾಗಿಲಲ್ಲಿ ಎಳೆಯರನ್ನು ತಡೆಯುತ್ತಿದ್ದುದರ ಕಹಿಯನ್ನು ಇವರು ಸ್ವತಃ ಉಂಡಿದ್ದರು. ಮಂಡಲಿಯ ಹೆಸರನ್ನು ಅಚ್ಚುಹಾಕಿದ ಅಂಗಿ, ಟೋಪಿಗಳ ವ್ಯಾಪಾರ ಕೂಡದು. ಬೇರೆಯವರು ಲಾಭದಾಸೆಯಿಂದ 'ಇದು ಫುಗಾಜಿಯ ಅಂಗಿಯಲ್ಲ' ಎಂದೇ ಅಚ್ಚುಹಾಕಿ ಅಂಗಿ ಮಾರಿದರಂತೆ! ರೆಕಾರ್ಡಿನ ಹೊದಿಕೆಯ ಮೇಲೆ ಅಂಚೆವೆಚ್ಚ ಸೇರಿದ ಬೆಲೆಯನ್ನು ಮುದ್ರಿಸುತ್ತಿದ್ದರು. ಸಭೆಯಲ್ಲಿ ಬಡಿದಾಡುವವರನ್ನು ಕಂಡರೆ ವಾದ್ಯ ನಿಲ್ಲಿಸಿ ಬುದ್ಧಿ ಹೇಳುವರು. ಕೇಳದವನ ಕೈಗೆ ಲಕೋಟೆಯಲ್ಲಿ 5 ಡಾಲರು ಹಿಂದಕ್ಕೆ ಕೊಟ್ಟು ಹೊರಗೆ ಕಳುಹಿಸುವರು. ಮದ್ಯ, ತಂಬಾಕುಗಳ ಜಾಹೀರಾತನ್ನು ಹೊತ್ತ ದೊಡ್ಡ ಪತ್ರಿಕೆಗಳಿಗೆ ಸಂದರ್ಶನ ಕೊಡಲೊಪ್ಪಲಿಲ್ಲ. ಪತ್ರಿಕೆಯವರಾದ ನಮಗೆ ಈ ಮಾತು ಚುಚ್ಚುತ್ತದೆ, ಚುಚ್ಚಬೇಕಾದುದೇ ಸರಿ.

ಐದು ಡಾಲರಿನಲ್ಲಿ ಹೊಟ್ಟೆ ಹೊರೆಯುವುದು ಹೇಗೆಂದು ವಾಚಕರು ಕೇಳಬಹುದು. ಉತ್ತರವು ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಹಳೆಯ ಗಾದೆಯಲ್ಲಿದೆ. ವ್ಯವಸ್ಥಾಪಕನೆಂದು ಒಬ್ಬನಿಲ್ಲ, ದಲ್ಲಾಳಿಯೆಂದು ಇನ್ನೊಬ್ಬನಿಲ್ಲ. ಕಚೇರಿಗಳನ್ನು ಗೊತ್ತುಮಾಡುವವರೂ ಇವರೇ, ವಾಹನವನ್ನು ನಡೆಸುವವರೂ ಇವರೇ. ಡಿಸ್ಕಾರ್ಡ್ ಪ್ರಕಾಶನವು ಕರಾರುಪತ್ರವಿಲ್ಲದೆ, ಖರ್ಚು ಕಳೆದುಳಿದ ಲಾಭವನ್ನು ಕಲಾವಿದರೊಡನೆ ಹಂಚಿಕೊಳ್ಳುತ್ತಿತ್ತು. ಖರ್ಚು ಕಡಮೆಯಾದಲ್ಲಿ ಬೇಡುವ ಅಗತ್ಯವೂ ಕಡಮೆಯಾಯಿತು. ಬೇಡದವನಿಗೆ ಬೇಡವೆನ್ನುವ ಬಲ ಬಂದಿತು.

ಆ ಬಲದ ಪರೀಕ್ಷೆಯು ಬೇಗನೆ ಒದಗಿತು. 1991ರಲ್ಲಿ 'ನಿರ್ವಾಣ' ಎಂಬ ಮಂಡಲಿಯ ರೆಕಾರ್ಡು ಅಪಾರವಾಗಿ ಮಾರಾಟವಾದ ಮೇಲೆ, ದೊಡ್ಡ ಕಂಪೆನಿಗಳು ಹಣದ ಥೈಲಿಯನ್ನು ಹಿಡಿದು ಇಂತಹ ತರುಣರನ್ನು ಹುಡುಕಿಕೊಂಡು ಹೊರಟವು. ಫುಗಾಜಿಗೂ ಕರೆ ಬಂದಿತು, ಅವರು ಒಪ್ಪಲಿಲ್ಲ. ಆದರೆ ಹಂಗು ತೊರೆದವರು ಕೆಲಸದಲ್ಲಿ ಸಡಿಲರಾಗಿರಲಿಲ್ಲ. 1992ರಲ್ಲಿ ಷಿಕಾಗೋ ನಗರದಲ್ಲಿ ಸ್ಟೀವ್ ಆಲ್ಬಿನಿಯವರ ಬಳಿ ಮುದ್ರಿಸಿದ ಹಾಡುಗಳು ಮನಸ್ಸಿಗೆ ಒಪ್ಪದಿರಲು, ಅದನ್ನು ಬದಿಗಿಟ್ಟು, ತಮ್ಮ ಊರಿನ ನೆರೆಯ ಆರ್ಲಿಂಗ್ಟನ್ನಿನಲ್ಲಿ ಮೊದಲಿನಿಂದ ಮುದ್ರಿಸಿದರು. ಹಾಗೆ 1993ರಲ್ಲಿ ಹೊರಬಂದ 'ಇನ್ ಆನ್ ದ ಕಿಲ್ ಟೇಕರ್' ಎಂಬ ಸಂಪುಟವು, ಕಂಪೆನಿಗಳ ಬೆಂಬಲವಿಲ್ಲದೆಯೇ, ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯನ್ನು ಸೇರಿತು.

ತಮ್ಮ ಊರಿನಲ್ಲಿ ನಡೆಸಿದ ಕಚೇರಿಗಳು ಬಹುಮಟ್ಟಿಗೆ ಉಚಿತವಾಗಿಯೋ ಧರ್ಮಾರ್ಥವಾಗಿಯೋ ನಡೆದವು. 1991ರ ಜನವರಿ 12ರಂದು, ಕೊಲ್ಲಿ ಯುದ್ಧದ ಹೊಸ್ತಿಲಲ್ಲಿ, ಅಧ್ಯಕ್ಷರ ಶ್ವೇತಭವನದ ಎದುರಿನ ಲಫಾಯೆಟ್ ಉದ್ಯಾನದಲ್ಲಿ, ಮೈಕೊರೆಯುವ ಚಳಿಯಲ್ಲಿ ನಿಂತು, ಯುದ್ಧವನ್ನು ವಿರೋಧಿಸಿ ಹಾಡಿದರು. ಅನ್ಯರ ಅನ್ನ ತಿನ್ನದವನ ನಾಲಗೆ ಹೀಗೆ ನೆಟ್ಟಗಿರುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಒಂದುಂಟು. ಮೆಕ್‌ಕೈಯವರ ತಂದೆಯವರು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಬರೆಯುತ್ತಿದ್ದವರು. ವಿದ್ಯೆಯುಳ್ಳ ಮನೆ, ತಲೆಯ ಮೇಲೊಂದು ಸೂರು ಇದ್ದ ಹುಡುಗನಿಗೆ ನಿರಾಕರಣೆಯು ಎಟುಕುವ ಹಣ್ಣು. ನಾಳಿನ ಗಂಜಿಗೆ ದಾರಿಯಿಲ್ಲದ ಕಲಾವಿದನು ಕಂಪೆನಿಯ ಹಣವನ್ನು ಮುಟ್ಟಿದರೆ ಅವನನ್ನು ಹಳಿಯಬಹುದೇ? ಕೂಡದೆಂದೇ ನಮ್ಮ ಅಭಿಪ್ರಾಯ. ಫುಗಾಜಿಯ ನಡತೆಯು ಇತರರನ್ನು ಅಳೆಯುವ ಕೋಲಲ್ಲ. ಆದರೆ ಸಾಧ್ಯವಿದ್ದವರೂ ಸಾಧ್ಯವಿಲ್ಲವೆಂದು ಹೇಳಿಕೊಂಡು ಮಾರಿಕೊಳ್ಳುವ ಲೋಕದಲ್ಲಿ, ಸಾಧ್ಯವೆಂದು ನಡೆದು ತೋರಿಸಿದುದಕ್ಕೆ ಬೆಲೆಯುಂಟು.

2001ರಲ್ಲಿ 'ದಿ ಆರ್ಗ್ಯುಮೆಂಟ್' ಎಂಬ ಸಂಪುಟವನ್ನು ಹೊರತಂದು, 2002ರ ನವೆಂಬರ್ 4ರಂದು ಲಂಡನ್ನಿನಲ್ಲಿ ಹಾಡಿದ ಮೇಲೆ ಮಂಡಲಿಯು ಸಾರ್ವಜನಿಕ ಕಚೇರಿಗಳನ್ನು ನಿಲ್ಲಿಸಿತು. ಜಗಳವಾಡಿ ಬೇರೆಯಾಗಲಿಲ್ಲ, ಸಂಸಾರ, ಮಕ್ಕಳು, ಬೇರೆ ಕೆಲಸಗಳು ಅವರನ್ನು ಕರೆದವು. ಸಾವಿರಕ್ಕೂ ಮಿಕ್ಕ ಕಚೇರಿಗಳಲ್ಲಿ ಎಂಟುನೂರಕ್ಕೂ ಹೆಚ್ಚಿನವುಗಳ ಮುದ್ರಣಗಳನ್ನು ಅವರು ಜೋಪಾನವಾಗಿ ಇಟ್ಟಿದ್ದರು. 2011ರಲ್ಲಿ ಅವುಗಳನ್ನು ಒಂದೊಂದಾಗಿ ಅಂತರ್ಜಾಲದಲ್ಲಿ ಜನರಿಗೆ ಒದಗಿಸತೊಡಗಿದಾಗ, ಒಂದು ಕಚೇರಿಗೆ ಸೂಚಿಸಿದ ಬೆಲೆಯು ಅದೇ 5 ಡಾಲರು.

ನಮ್ಮ ಪತ್ರಿಕೆಯ ಲೆಕ್ಕವನ್ನು ಬರೆಯುವಾಗ ಆ ಐದು ಡಾಲರಿನ ನೆನಪು ನಮಗೆ ಆಗಾಗ ಬರುವುದುಂಟು. ಯಾವ ಖರ್ಚು ನಮ್ಮದು, ಯಾವ ಖರ್ಚು ಬರಿಯ ಡೌಲಿನದು ಎಂದು ನಾವು ಅಂದು ಮತ್ತೊಮ್ಮೆ ನೋಡಿಕೊಳ್ಳುತ್ತೇವೆ.