ಲೋಹದ ಮೇಲೆ ಅಮೋನಿಯದ ವಿಭಜನೆ

ಹೈದರಾಬಾದಿನಲ್ಲಿ 1944ರಲ್ಲಿ ಸ್ಥಾಪಿತವಾಗಿ, 1989ರಿಂದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರು ಪಡೆದ ಪ್ರಯೋಗಾಲಯದಲ್ಲಿ ವೇಗವರ್ಧಕಗಳ ಅಧ್ಯಯನವು ಒಂದು ಮುಖ್ಯ ಶಾಖೆ. ಈ ಶಾಸ್ತ್ರದ ಜೀವಂತ ಸಮಸ್ಯೆಗಳಲ್ಲೊಂದು ಅಮೋನಿಯದ ವಿಭಜನೆ.

ಅಮೋನಿಯದ ತೂಕದಲ್ಲಿ ಶೇಕಡ 17.8 ಭಾಗ ಜಲಜನಕ. ಜಲಜನಕವು ದ್ರವವಾಗಲು ಸೊನ್ನೆಗಿಂತ 253 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೈತ್ಯ ಬೇಕು. ಅಮೋನಿಯಕ್ಕೆ 33 ಡಿಗ್ರಿ ಸಾಕು. ಆದುದರಿಂದ ಜಲಜನಕವನ್ನು ಅಮೋನಿಯದ ರೂಪದಲ್ಲಿ ಸಾಗಿಸುವುದು ಸುಲಭ. ಆದರೆ ತಲಪಿದೆಡೆಯಲ್ಲಿ ಅದನ್ನು ಒಡೆಯಬೇಕು.

ಕಾದ ಲೋಹದ ಮೈಗೆ ಅಂಟಿದ ಅಣುವಿನಿಂದ ಮೂರು ಜಲಜನಕ ಪರಮಾಣುಗಳು ಒಂದೊಂದಾಗಿ ಕಳಚುತ್ತವೆ. ಬಳಿಕ ಎರಡೆರಡು ಕೂಡಿ ಹೊರಡುತ್ತವೆ. ಉಳಿದ ಸಾರಜನಕವೂ ಹಾಗೆಯೇ ಜೊತೆಗೂಡಿ ಎಡೆಬಿಡಬೇಕು. ಕಬ್ಬಿಣವು ಸಾರಜನಕವನ್ನು ಬಿಗಿಯಾಗಿ ಹಿಡಿಯುವುದರಿಂದ ಹೊಸ ಅಣುವಿಗೆ ಸ್ಥಳವಿರದು. ಪ್ಲಾಟಿನಂನ ಹಿಡಿತ ಸಡಿಲ. ಅಲ್ಲಿ ಬಂಧ ಕಳಚುವುದೇ ಕಷ್ಟ. ಇವೆರಡರ ನಡುವಿನ ಹಿಡಿತವುಳ್ಳ ರುಥೇನಿಯಂ ಅತ್ಯಂತ ಚುರುಕಾದುದು. ಆದರೆ ವಿರಳ, ದುಬಾರಿ. ಅಗ್ಗದ ನಿಕ್ಕಲ್ ಹೆಚ್ಚು ಶಾಖವನ್ನು ಬೇಡುತ್ತದೆ. ಆ ಶಾಖಕ್ಕೆ ತಗಲುವ ಇಂಧನವನ್ನು ದೊರೆತ ಜಲಜನಕದ ಲಾಭದಿಂದ ಕಳೆಯಲೇಬೇಕು. ಹಿಡಿತ, ಬಿಡುಗಡೆ ಎರಡೂ ಸಮತೂಕದಲ್ಲಿರುವ ಅಗ್ಗದ ಲೋಹಮಿಶ್ರಣವನ್ನು ರೂಪಿಸುವುದೇ ಇಂದಿನ ಶೋಧನೆಯ ಗುರಿ.